ಮಾವನ ಹಾಡನ್ನು ನಾನು ಕೇಳಿಸಿದ ಬಗೆ

ನನ್ನ ಅಕ್ಕನ ಗಂಡ ಮಸ್ಕಿಯಲ್ಲಿ ಟೇಲರ್ ಆಗಿದ್ದರು. ಅವರನ್ನು ನಾನು ಮಾವ ಎನ್ನುತ್ತಿದ್ದೆ. ಹೈಸ್ಕೂಲಿನ ಮೂರು ವರ್ಷ ಓದಿದ್ದು ಅವರ ಮನೆಯಲ್ಲಿದ್ದುಕೊಂಡೇ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಮಷಿನ್ನಿನ ಅಂಗಡಿ, ಅದಕ್ಕೆ ಹೊಂದಿಕೊಂಡೇ ಮನೆ. ಶಾಲೆ ಬಿಟ್ಟು ಬರುವಾಗ ಓಣಿಯ ತಿರುವಿನಲ್ಲೇ ಅವರ ಹಾಡು ಕಿವಿಗೆ ಬೀಳುತ್ತಿತ್ತು. ಮಷಿನ್ ತುಳಿಯುತ್ತಲೇ ಹಾಡುವುದು ಅವರ ರೂಢಿ. ಪ್ಯಾಂಟಿನ ಉದ್ದ ಹೊಲಿಗೆ ಇದ್ದರೆ ಹಾಡಿನ ಸಾಲೂ ಉದ್ದಕ್ಕೆ ಹೋಗುತ್ತಿತ್ತು. ಕಾಲರಿನ ಮೂಲೆ ತಿರುಗಿಸಬೇಕಾದಾಗ ಹಾಡು ಒಂದು ಗಳಿಗೆ ನಿಂತು, ಸೂಜಿ ಮತ್ತೆ ಬಟ್ಟೆಗೆ ಇಳಿದ ಮೇಲೆ ಮುಂದುವರಿಯುತ್ತಿತ್ತು.

ಮಾವ ಗುರುವಿನ ಹತ್ತಿರ ಕೂತು ಕಲಿತವರಲ್ಲ. ಅವರ ತಂದೆ ಹಾಡುತ್ತಿದ್ದರಂತೆ, ಇವರು ಕೇಳಿಕೊಂಡು ಬೆಳೆದರು. ಸೋಮವಾರ ಸೋಮವಾರ ಮಠದಲ್ಲಿ ಭಜನೆ. ಅಮಾವಾಸ್ಯೆಗೆ ಮೇಳದವರ ಜೊತೆ ಪಾಮನಕಲ್ಲೂರಿಗೋ ಇನ್ನೊಂದು ಊರಿಗೋ ಹೋಗುವರು. ಹಾಡುವುದು ಹೆಚ್ಚಾಗಿ ತತ್ವಪದಗಳನ್ನೇ. ಏಕತಾರಿ ಹಿಡಿದು ಮಾವ ಹಾಡಿದರೆ, ದಮ್ಮಡಿ ಬಾರಿಸುವವರು ಒಬ್ಬ ಕಿರಾಣಿ ಅಂಗಡಿಯ ಹಿರಿಯರು. ಮಾವನದು ತುಂಬು ಕಂಠವೇನಲ್ಲ. ತೆಳ್ಳಗೆ, ಮೇಲಿನ ಸ್ವರದಲ್ಲಿ, ಸ್ವಲ್ಪ ಅವಸರದ ನಡಿಗೆಯ ಹಾಡು. ಕೇಳುವವರು ಮುಂದಕ್ಕೆ ಬಗ್ಗಿ ಕೂರುತ್ತಿದ್ದರು. ಮಾವನ ಪಕ್ಕದಲ್ಲಿ ಕೂತು, ಎಷ್ಟೋ ಸೋಮವಾರ, ತೊಡೆಯ ಮೇಲೆ ತಲೆಯಿಟ್ಟು ನಾನು ನಿದ್ದೆ ಹೋಗಿದ್ದೇನೆ.

ನನಗೆ ಹಾಡಲು ಬರಲಿಲ್ಲ, ಕೇಳುವ ಹುಚ್ಚು ಮಾತ್ರ ಅಂಟಿಕೊಂಡಿತು. ತುರ್ವಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರನಾದೆ, ಸಿಂಧನೂರಿನಲ್ಲಿ ಮನೆ ಮಾಡಿದೆ. ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಒಂದು ಕಂಪ್ಯೂಟರು, ಎರಡು ಒಳ್ಳೆಯ ಸ್ಪೀಕರು ಇಟ್ಟುಕೊಂಡೆ. ಸಿಡಿಗಿಂತಲೂ ಸೂಕ್ಷ್ಮವಾಗಿ ಮುದ್ರಿಸಿದ ಹಾಡುಗಳು ಈಗ ಫೈಲುಗಳಾಗಿ ಸಿಗುತ್ತವೆ. ಒಂದು ಸೆಕೆಂಡಿನ ಧ್ವನಿಯನ್ನು ಎಂಬತ್ತೆಂಟು ಸಾವಿರದ ಇನ್ನೂರು ಸಲ, ಕೆಲವುಗಳಲ್ಲಿ ಅದಕ್ಕೂ ಹೆಚ್ಚು ಸಲ, ಅಳೆದು ಬರೆದಿಟ್ಟಿರುತ್ತಾರೆ. ಈ ಎಣಿಕೆಗೇ ದರ ಎನ್ನುವುದು. ನನ್ನ ಹತ್ತಿರ ಇದ್ದವೆಲ್ಲ ಎಂಬತ್ತೆಂಟು ಸಾವಿರದ ಇನ್ನೂರರವು.

ಇಂಥ ಹಾಡನ್ನು ಸುಮ್ಮನೆ ಒತ್ತಿ ಕೇಳಿದರೆ ಕಂಪ್ಯೂಟರು ಅದನ್ನು ತನಗೆ ಅನುಕೂಲವಾದ ಬೇರೊಂದು ದರಕ್ಕೆ ಬದಲಾಯಿಸಿ, ಮೇಲ್ ಬಂದಾಗಿನ ಟಿಣ್ ಸದ್ದಿನ ಜೊತೆ ಬೆರೆಸಿ ಹೊರಗೆ ಬಿಡುತ್ತದೆ. ಅದು ನನ್ನಂಥವರಿಗೆ ಸಹಿಸದ ಸಂಗತಿ. ಮೂಲದಲ್ಲಿದ್ದದ್ದಕ್ಕೆ ನಡುವೆ ಯಾರೂ ಕೈ ಹಾಕಬಾರದು. ಆದ್ದರಿಂದ ನಾನು ಪ್ಲೇಯರಿನ ಸೆಟ್ಟಿಂಗುಗಳನ್ನು ಒಂದೊಂದಾಗಿ ಓದಿ, ದರ ಬದಲಾಯಿಸುವುದನ್ನು ನಿಲ್ಲಿಸಿದೆ. ಮಂದ್ರ ತಾರಗಳನ್ನು ಏರಿಳಿಸುವ ಈಕ್ವಲೈಜರ್ ತೆಗೆದೆ. ಕಂಪ್ಯೂಟರಿನ ಬೇರೆ ಯಾವ ಸದ್ದೂ ಒಳಗೆ ಬರದಂತೆ ಧ್ವನಿಯ ದಾರಿಯನ್ನು ಪ್ಲೇಯರೊಂದಕ್ಕೇ ಮೀಸಲಿಟ್ಟೆ. ಅಂಕಿಗಳನ್ನು ಧ್ವನಿಯಾಗಿ ಮಾಡುವ ಡ್ಯಾಕ್ ಎಂಬ ಸಣ್ಣ ಡಬ್ಬಿಯನ್ನು ಲಿಂಗಸುಗೂರಿನ ಗೆಳೆಯನೊಬ್ಬ ವರ್ಗವಾಗಿ ಹೋಗುವಾಗ ನನಗೆ ಕೊಟ್ಟುಹೋಗಿದ್ದ. ಪ್ರತಿ ಹಾಡು ಶುರುವಾಗುವಾಗಲೂ ಆ ಡಬ್ಬಿ ದರವನ್ನು ಹೊಸದಾಗಿ ಹುಡುಕುತ್ತ ಟಕ್ ಎಂದು ಸದ್ದು ಮಾಡುತ್ತಿತ್ತು. ಕಂಪ್ಯೂಟರಿನ ತೆರೆಯ ಮೇಲೆ ಅದರದೇ ಒಂದು ಪುಟ್ಟ ಕಿಟಕಿ ತೆರೆದು ನೋಡಿದರೆ, ದರವನ್ನು ಒಂದೇ ಅಂಕಿಗೆ ಬಿಗಿ ಮಾಡುವ ಅನುಕೂಲವಿತ್ತು. ಎಂಬತ್ತೆಂಟು ಸಾವಿರದ ಇನ್ನೂರಕ್ಕೆ ಬಿಗಿ ಮಾಡಿ ಒಂದು ಗುರುತು ಹಾಕಿದೆ. ಸದ್ದು ಹೋಯಿತು. ಸ್ವಲ್ಪ ದಿನದಲ್ಲಿ ಆ ಗುರುತು ಹಾಕಿದ್ದೂ ಮರೆತುಹೋಯಿತು.

ಮಾವ ಸಿಂಧನೂರಿಗೆ ಲೈನಿಂಗ್ ಬಟ್ಟೆ, ಗುಂಡಿ, ದಾರ ತರಲು ಬಂದಾಗ ನನ್ನ ಮನೆಗೂ ಬರುತ್ತಿದ್ದರು. ಮಹಡಿ ಹತ್ತಿ, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಒಂದೆರಡು ಹಾಡು ಕೇಳುವರು.

"ಚಂದ ಕೇಳಸ್ತೈತಿ ತಮ್ಮಾ. ಹಾಡವರು ಇಲ್ಲೇ ಕುಂತಾರೇನೋ ಅನ್ನಂಗ. ಆದ್ರ ಒಂದು ಹಾಡು ಕೇಳಾಕ ಇಷ್ಟು ಸಾಮಾನು ಬೇಕೇನಪ?" ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಾಗ ಮಾವನ ಕೈಯಿಂದ ಕತ್ತರಿ ಜಾರಿತು. ಎತ್ತಿಕೊಳ್ಳಲು ಬಗ್ಗಿದರೆ ಬಲಗೈ ಮಾತು ಕೇಳಲಿಲ್ಲ. ಅಕ್ಕ ಓಡಿ ಬಂದು ನೋಡುವಷ್ಟರಲ್ಲಿ ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಪಕ್ಕದ ಅಂಗಡಿಯವರ ಕಾರಿನಲ್ಲಿ ಲಿಂಗಸುಗೂರಿಗೆ ಒಯ್ದರು. ನಾನು ಶಾಲೆಯಿಂದ ಹೋಗಿ ಮುಟ್ಟಿದಾಗ ಮಾವ ನನ್ನನ್ನು ನೋಡಿ ಏನೋ ಹೇಳಿದರು, ಒಂದು ಅಕ್ಷರವೂ ತಿಳಿಯಲಿಲ್ಲ. ತಿಳಿಯಿತೆಂಬಂತೆ ತಲೆಯಾಡಿಸಿದೆ.

"ಲಕ್ವ ಹೊಡದೈತಿ, ಆದ್ರ ಲಗೂನ ತಂದೀರಿ," ಎಂದರು ಡಾಕ್ಟರು. "ಕೈಗೆ ಕೆಲಸ ಕೊಡ್ರಿ. ಮಾತಾಡಸ್ರಿ. ಹಾಡ್ತಾರಂದ್ರ ಹಾಡಸ್ರಿ, ಅದರಂಥ ಔಷಧ ಇಲ್ಲ."

ಐದು ತಿಂಗಳಲ್ಲಿ ಮಾವ ಎದ್ದು ನಿಂತರು. ಬಾಯಿ ನೆಟ್ಟಗಾಯಿತು. ಬಲಗೈ ಪೂರ್ತಿ ಮೊದಲಿನಂತಾಗದಿದ್ದರೂ ನೇರ ಹೊಲಿಗೆಗೆ ಅಡ್ಡಿಯಿರಲಿಲ್ಲ. ಕತ್ತರಿಸುವ ಕೆಲಸವನ್ನು ಅಕ್ಕ ತೆಗೆದುಕೊಂಡಳು. ಮಾತು ಬಂತು, ಹಿಂದೆಯೇ ಹಾಡೂ ಬಂತು. ಮೊದಲು ಮನೆಯೊಳಗೆ, ಆಮೇಲೆ ಅಂಗಡಿಯಲ್ಲಿ, ಕೊನೆಗೆ ಒಂದು ಸೋಮವಾರ ಮಠದಲ್ಲಿ. ಅವತ್ತು ಎಲ್ಲರೂ ಹೊಗಳಿದರಂತೆ. ದಮ್ಮಡಿಯ ಹಿರಿಯರು ಎದ್ದು ಬಂದು ಬೆನ್ನು ಚಪ್ಪರಿಸಿದರಂತೆ.

ಮುಂದಿನ ಸಲ ನಾನು ಮಸ್ಕಿಗೆ ಹೋದಾಗ ಮಾವ ಅಂಗಡಿಯ ಕಟ್ಟೆಯ ಮೇಲೆ ಕೂತು ಕೇಳಿದರು:

"ತಮ್ಮಾ, ನೀ ಖರೇ ಹೇಳು. ನನ್ನ ಹಾಡು ಮೊದಲಿನಂಗ ಐತೇನು?"

"ಐತ್ರಿ ಮಾವ."

"ನೀನೂ ಹಂಗ ಅಂತಿ, ಮಠದಾಗಿನವರೂ ಹಂಗ ಅಂತಾರ, ನಿಮ್ಮಕ್ಕನೂ ಹಂಗ ಅಂತಾಳ. ಎಲ್ಲಾರೂ ನನ್ನ ಮಾರಿ ನೋಡಿ ಹೇಳ್ತೀರಿ. ಪಾಪ, ಬ್ಯಾಸರ ಮಾಡ್ಕೋತಾನ ಅಂತ ಹೇಳ್ತೀರಿ." ನನ್ನ ಕಡೆ ತಿರುಗಿ ಕೂತರು. "ನಿನ್ನ ಮಷಿನ್ನಿನಾಗ ನನ್ನ ಹಾಡು ತುಂಬು. ಅದು ಯಾರ ಮಾರಿ ನೋಡಂಗಿಲ್ಲಲ್ಲ."

ನನಗೆ ಖುಷಿಯಾಯಿತು. ಇಷ್ಟು ವರ್ಷ ಮಾವನ ಹಾಡನ್ನು ಮೊಬೈಲಿನಲ್ಲಿ ಅರ್ಧಂಬರ್ಧ ಹಿಡಿದದ್ದು ಬಿಟ್ಟರೆ ಸರಿಯಾಗಿ ಯಾರೂ ಮುದ್ರಿಸಿರಲಿಲ್ಲ. ಒಂದು ಒಳ್ಳೆಯ ರೆಕಾರ್ಡರ್ ತರಿಸಿದೆ. ಅದರಲ್ಲಿ ದರ ಆಯ್ದುಕೊಳ್ಳುವ ಪಟ್ಟಿಯಿತ್ತು. ಮಾವನ ಹಾಡಿಗೆ ನಾನು ಕೇಳುವ ಹಾಡುಗಳಿಗಿಂತ ಹೆಚ್ಚಿನದೇ ಇರಲಿ ಎಂದು ತೊಂಬತ್ತಾರು ಸಾವಿರವನ್ನು ಆಯ್ದುಕೊಂಡೆ.

ಒಂದು ಭಾನುವಾರ ಮುಂಜಾನೆ ಗೊರೇಬಾಳ ದಾಟಿ ಬೈಕಿನಲ್ಲಿ ಮಸ್ಕಿಗೆ ಹೋದೆ. ಅಂಗಡಿ ಬಂದ್ ಮಾಡಿ ಒಳಕೋಣೆಯಲ್ಲಿ ಕೂತೆವು. ಫ್ಯಾನ್ ಆರಿಸಿದೆ. ಗೋಡೆಗೆ ಸದ್ದು ಬಡಿದು ಮರಳದಿರಲೆಂದು ಅಕ್ಕ ಎರಡು ಕೌದಿ ಇಳಿಬಿಟ್ಟಳು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದರು. "ಫೋಟೋ ತೆಗೆಯಂಗಿಲ್ರಿ, ಬರೇ ಹಾಡು," ಎಂದು ಅಕ್ಕ ನಕ್ಕಳು. ಮಾವ ನಗಲಿಲ್ಲ. ಏಕತಾರಿಯ ತಂತಿಯನ್ನು ಬಹಳ ಹೊತ್ತು ಬಿಗಿ ಮಾಡಿದರು, ಸಡಿಲ ಮಾಡಿದರು, ಮತ್ತೆ ಬಿಗಿ ಮಾಡಿದರು.

ನಾಲ್ಕು ಪದ ಹಾಡಿದರು. ರೆಕಾರ್ಡರಿನ ಮೇಲೆ ಧ್ವನಿಯ ಮಟ್ಟ ತೋರಿಸುವ ಸಣ್ಣ ಗೆರೆಗಳು ಕೆಂಪಿಗೆ ಹೋಗದಂತೆ ನೋಡುವುದರಲ್ಲೇ ನನ್ನ ಕಣ್ಣಿದ್ದರೂ, ಕಿವಿಗೆ ಹಾಡು ಕೇಳುತ್ತಿತ್ತು. ಚೆನ್ನಾಗಿತ್ತು. ಎರಡನೆಯ ಪದದಲ್ಲಿ ಒಮ್ಮೆ ನನಗೆ ಕಣ್ಣು ತುಂಬಿತು. ಇದನ್ನು ಈಗ ಹೇಳಲೇಬೇಕು, ಯಾಕೆಂದರೆ ಆಮೇಲೆ ನಾನೇ ಅದನ್ನು ನಂಬದೆ ಹೋದೆ.

ಮಾವನ ಜೊತೆ ಕೂತೇ ಮೊದಲು ಕೇಳಬೇಕೆಂದು ವಾರವಿಡೀ ಆ ಫೈಲನ್ನು ತೆರೆಯಲಿಲ್ಲ. ಮುಂದಿನ ಭಾನುವಾರ ಮಾವ, ಅಕ್ಕ ಇಬ್ಬರೂ ಬಸ್ಸಿಗೆ ಬಂದರು. ಊಟ ಆಮೇಲೆ, ಮೊದಲು ಹಾಡು ಎಂದರು ಮಾವ. ಮೆಟ್ಟಿಲ ಪಕ್ಕದ ಕಂಬಿ ಹಿಡಿದು ನಿಧಾನವಾಗಿ ಮಹಡಿ ಹತ್ತಿದರು. ಅವರನ್ನು ನನ್ನ ಕುರ್ಚಿಯಲ್ಲಿ, ಎರಡೂ ಸ್ಪೀಕರುಗಳಿಗೆ ಸಮದೂರದಲ್ಲಿ ಕೂರಿಸಿದೆ. ಅಕ್ಕ ಬಾಗಿಲ ಹತ್ತಿರ ನೆಲದ ಮೇಲೆ ಕೂತಳು.

ಮೊದಲು ಏಕತಾರಿಯ ನಾದ ಬಂತು. ಮಾವ ಹುಬ್ಬು ಗಂಟಿಕ್ಕಿದರು.

"ಇಷ್ಟು ಇಳಿಸಿ ಕಟ್ಟಿದ್ನೇನು ನಾನು?"

ಆಮೇಲೆ ಧ್ವನಿ ಬಂತು. ಅದು ಮಾವನದೇ, ಆದರೆ ದಪ್ಪಗಾಗಿತ್ತು. ಪ್ರತಿ ಶಬ್ದವೂ ಮುಂದಿನದಕ್ಕೆ ಹೋಗಲು ಒಲ್ಲದಂತೆ ಎಳೆಯುತ್ತಿತ್ತು. ಅವಸರದ ನಡಿಗೆಯ ಹಾಡು ಏರು ದಾರಿಯಲ್ಲಿ ಭಾರ ಹೊತ್ತವನ ನಡಿಗೆಯಾಗಿತ್ತು. ಮಾವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕಂಪ್ಯೂಟರಿನ ತೆರೆಯನ್ನೇ ನೋಡುತ್ತ ಕೂತೆ.

ಮೊದಲ ಪದ ಮುಗಿಯುತ್ತಿದ್ದಂತೆ ಮಾವ ಕೈಯೆತ್ತಿದರು. ನಿಲ್ಲಿಸಿದೆ.

"ನಾಲಿಗಿ ಎಳೀತೈತಿ," ಎಂದರು. "ನನಗ ಗೊತ್ತಾಗವಲ್ದಾಗಿತ್ತು." ಆಮೇಲೆ ನನ್ನ ಕಡೆ ತಿರುಗಿ, ಆಸೆಯಿಂದಲೇ ಕೇಳಿದರು. "ತಮ್ಮಾ, ನಿನ್ನ ಮಷಿನ್ ಏನಾರ ಹೆಚ್ಚುಕಡಿಮಿ ಮಾಡಿರಬೌದೇನು?"

ಅವರು ಕೇಳಿದ್ದು ಅದೊಂದೇ ಪ್ರಶ್ನೆ. ಎದ್ದು ತೆರೆಯ ಮೇಲೆ ಒಂದು ಕಿಟಕಿ ತೆರೆದು ನೋಡಿದ್ದರೆ ಉತ್ತರ ಅಲ್ಲೇ ಇತ್ತು. ನಾನು ಎದ್ದೇಳಲಿಲ್ಲ. ವರ್ಷಗಟ್ಟಲೆ ಓದಿ, ಒಂದೊಂದನ್ನೂ ಆರಿಸಿ ಹೊಂದಿಸಿದ ಏರ್ಪಾಡು ಅದು. ಅದರ ಬಗ್ಗೆ ನನಗೆ ಇದ್ದ ಹೆಮ್ಮೆಯೇ ಮಾತಾಡಿತು.

"ಇಲ್ರಿ ಮಾವ. ಇದು ನಡುವ ಒಂದು ಎಳೆನೂ ಮುಟ್ಟಂಗಿಲ್ಲ. ಇದ್ದದ್ದು ಇದ್ದಂಗ ಕೇಳಸ್ತೈತಿ." ಅಷ್ಟಕ್ಕೆ ಸುಮ್ಮನಿರಬೇಕಿತ್ತು. "ಸ್ವಲ್ಪ ನಿಧಾನ ಆಗೈತಿ ಅಷ್ಟೇ. ರೂಢಿ ಮಾಡಿದ್ರ ಬರ್ತೈತ್ರಿ," ಎಂದೂ ಸೇರಿಸಿದೆ.

ಮಾವ ತಲೆಯಾಡಿಸಿದರು. ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಖರೇ ಹೇಳಿದ ಎಂಬ ಸಮಾಧಾನವೂ ಅವರ ಮುಖದಲ್ಲಿತ್ತೆಂದು ನನಗೆ ನೆನಪು. "ಅಳಸಿಬಿಡು," ಎಂದು ಎದ್ದರು. ಆಗಲಿ ಎಂದೆ. ಊಟಕ್ಕೆ ಕೂತಾಗ ನನ್ನ ಹೆಂಡತಿ ಮಾಡಿದ ಹೋಳಿಗೆಯನ್ನು ಹೊಗಳಿ ಇನ್ನೊಂದು ಹಾಕಿಸಿಕೊಂಡರು. ಬಸ್ ಹತ್ತುವಾಗ ಅಕ್ಕ ನನ್ನ ತೋಳು ಹಿಡಿದು, "ಅವತ್ತು ಮನ್ಯಾಗ ಕೇಳಿದಾಗ ಛಲೋ ಇತ್ತಲ್ಲೋ," ಎಂದಳು. "ಅಂತಃಕರಣದಿಂದ ಕೇಳಿದ್ವಿ ಅಕ್ಕಾ, ಹಂಗಾಗಿ," ಎಂದೆ. ಅದನ್ನು ನಾನೂ ನಂಬಿದ್ದೆ.

ಮಾವ ಆಮೇಲೆ ಹಾಡಲಿಲ್ಲ.

ಭಜನೆಗೆ ಹೋಗುವುದನ್ನು ಬಿಡಲಿಲ್ಲ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತು ಚಪ್ಪಾಳೆ ಹಾಕುತ್ತಿದ್ದರಂತೆ. ಹಾಡೆಂದು ಒತ್ತಾಯ ಮಾಡಿದರೆ ಗಂಟಲು ಮುಟ್ಟಿ ತೋರಿಸುವರಂತೆ. ಏಕತಾರಿಯನ್ನು ಮೇಳದ ಒಬ್ಬರಿಗೆ ಕೊಟ್ಟರು. ಮೂರು ತಿಂಗಳಿಗೊಮ್ಮೆ ಲಿಂಗಸುಗೂರಿಗೆ ತೋರಿಸಲು ಹೋಗುವಾಗ ನಾನು ಜೊತೆಗಿರುತ್ತಿದ್ದೆ. ಒಮ್ಮೆ ಡಾಕ್ಟರು, "ಹಾಡಾಕತ್ತೀರಿಲ್ಲೋ?" ಎಂದು ಕೇಳಿದರು. "ಅದು ಮುಗೀತ್ರಿ ಸಾಹೇಬ್ರ," ಎಂದರು ಮಾವ. "ಯಾಕ? ಮಾತು ಇಷ್ಟು ಛಲೋ ಬಂದೈತಿ, ಹಾಡಿಗೇನಾಗೈತಿ?" ಎಂದು ಡಾಕ್ಟರು ನನ್ನ ಕಡೆ ನೋಡಿದರು. ನಾನು ಮಾವನ ಪರವಾಗಿ, "ಧ್ವನಿ ಸ್ವಲ್ಪ ಬಿದ್ದೈತ್ರಿ," ಎಂದೆ. ಹೊರಗೆ ಬಂದು ಚಹಾ ಕುಡಿಯುವಾಗ ಮಾವ ಲೋಟ ಹಿಡಿದುಕೊಂಡು ಎದುರಿನ ರಸ್ತೆಯನ್ನೇ ನೋಡುತ್ತಿದ್ದರು. ಚಹಾ ಆರಿತು, ಅವರು ಕುಡಿಯಲಿಲ್ಲ.

ಅಂಗಡಿಗೆ ಹೋದಾಗ ಬರೀ ಮಷಿನ್ನಿನ ಸದ್ದು ಕೇಳುತ್ತಿತ್ತು. ಅದನ್ನು ಕೇಳುವುದು ಕಷ್ಟವಾಗಿ, ನಾನು ಮಸ್ಕಿಗೆ ಹೋಗುವುದೇ ಕಡಿಮೆಯಾಯಿತು. ಫೈಲನ್ನು ಅಳಿಸಲೂ ಇಲ್ಲ, ಮತ್ತೆ ತೆರೆಯಲೂ ಇಲ್ಲ. ತೆರೆದರೆ ಮಾವನ ಆ ಭಾನುವಾರದ ಮುಖ ಮತ್ತೆ ಕಣ್ಣಿಗೆ ಬರುತ್ತದೆಂಬ ಅಳುಕು. ಉಳಿದ ನನ್ನ ಹಾಡುಗಳು ಎಂದಿನಂತೆ ಸರಿಯಾಗಿಯೇ ಕೇಳುತ್ತಿದ್ದವು, ಹಾಗಾಗಿ ಯಾವ ಅನುಮಾನವೂ ಬರಲಿಲ್ಲ.

ಆ ಭಾನುವಾರದಿಂದ ಹದಿನಾಲ್ಕು ತಿಂಗಳಿಗೆ ಮಾವನಿಗೆ ಎರಡನೆಯ ಸಲ ಲಕ್ವ ಹೊಡೆಯಿತು. ಈ ಸಲ ಲಿಂಗಸುಗೂರು ಮುಟ್ಟಲಿಲ್ಲ. ಮಣ್ಣಿಗೆ ಒಯ್ಯುವಾಗ ಮೇಳದವರು ದಾರಿಯುದ್ದಕ್ಕೂ ಹಾಡಿದರು. ಮಾವ ಹಾಡುತ್ತಿದ್ದ ಪದಗಳನ್ನೇ ಹಾಡಿದರು. ದಮ್ಮಡಿಯ ಹಿರಿಯರಿಗೆ ತಾಳ ತಪ್ಪುತ್ತಿತ್ತು, ಆದರೂ ಬಾರಿಸುವುದನ್ನು ಬಿಡಲಿಲ್ಲ.

ವರ್ಷದ ಕಾರ್ಯ ಮುಗಿದ ಮೇಲೆ ಅಕ್ಕ ಫೋನ್ ಮಾಡಿದಳು.

"ತಮ್ಮಾ, ಅದನ್ನ ಅಳಸಿಬಿಟ್ಟಿಯೇನು?"

"ಇಲ್ಲಕ್ಕಾ."

"ನಾ ಕೇಳಬೇಕು. ಹೆಂಗಿದ್ರೂ ಇರಲಿ. ಎಳದರೂ ಎಳೀಲಿ. ಅವರ ಧ್ವನಿ ಅಲ್ಲೇನು?"

ಅಕ್ಕ ಬಂದಳು. ಈ ಸಲ ಕುರ್ಚಿಯಲ್ಲಿ ಅವಳನ್ನು ಕೂರಿಸಿ ನಾನು ಪಕ್ಕದಲ್ಲಿ ನಿಂತೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲದ ಮೇಲೆ ಬಿದ್ದಿತ್ತು. ಅದೇ ತಗ್ಗಿದ ಏಕತಾರಿ, ಅದೇ ದಪ್ಪಗಾದ ಧ್ವನಿ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು. ಹಿಂದಿನ ಸಲ ಒಂದು ಪದಕ್ಕೇ ನಿಂತದ್ದು ಈಗ ಮುಂದೆ ಹೋಯಿತು. ಎರಡನೆಯದು, ಮೂರನೆಯದು, ನಾಲ್ಕನೆಯದು. ಹಾಡು ಮುಗಿದು ತಂತಿಯ ನಾದ ಅಡಗಿತು. ನಾನು ನಿಲ್ಲಿಸಲು ಕೈ ಚಾಚಿದಾಗ ಸ್ಪೀಕರಿನಿಂದ ಮತ್ತೊಂದು ಧ್ವನಿ ಬಂತು.

"ಚಾ ಇಡ್ಲೇನ್ರೀ?"

ಗಂಡಸಿನದೋ ಹೆಂಗಸಿನದೋ ತಿಳಿಯದಂಥ, ನಿದ್ದೆಗಣ್ಣಿನಲ್ಲಿ ಮಾತಾಡಿದಂಥ ಧ್ವನಿ. ಅಕ್ಕ ಸೆರಗು ತೆಗೆದಳು.

"ಇದ್ಯಾರು?"

"ನೀನ ಅಕ್ಕಾ. ಹಾಡು ಮುಗದ ಮ್ಯಾಲೆ ಬಾಗಲದಾಗ ನಿಂತು ಕೇಳಿದ್ದಿ ನೋಡು."

"ಇನ್ನೊಮ್ಮೆ ಹಾಕು."

ಹಾಕಿದೆ. ಅವಳು ಕೇಳಿದಳು. ಅವಳಿಗೆ ಯಂತ್ರ ಗೊತ್ತಿಲ್ಲ, ದರ ಗೊತ್ತಿಲ್ಲ. ಆದರೆ ತನ್ನ ಧ್ವನಿ ಗೊತ್ತು.

"ಅವರಿಗೆ ಲಕ್ವ ಹೊಡದಿತ್ತು, ಹಂಗಾಗಿ ಎಳೀತಿತ್ತು. ನನಗೇನು ಹೊಡದಿತ್ತು?"

ಅವಳು ಆರೋಪ ಮಾಡಲು ಕೇಳಿದ್ದಲ್ಲ. ತಿಳಿಯದೆ ಕೇಳಿದ್ದು. ಅಷ್ಟರಲ್ಲಿ ಸ್ಪೀಕರಿನಲ್ಲಿ ನನ್ನ ಧ್ವನಿಯೂ ಬಂತು. "ಇಡಕ್ಕಾ, ಮುಗೀತು" ಎಂದು ನಾನು ಹೇಳಿದ್ದೂ ಹಾಗೇ ಎಳೆಯುತ್ತಿತ್ತು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಧ್ವನಿಯ ಪಾಠ ಮಾಡುವವನು ನಾನು. ಸೆಕೆಂಡಿಗೆ ತೊಂಬತ್ತಾರು ಸಾವಿರ ಸಲ ಅಳೆದದ್ದನ್ನು ಎಂಬತ್ತೆಂಟು ಸಾವಿರದ ಇನ್ನೂರರ ಲೆಕ್ಕದಲ್ಲಿ ಹೊರಗೆ ಬಿಟ್ಟರೆ ಏನಾಗುತ್ತದೆಂದು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ. ಆರು ನಿಮಿಷದ ಹಾಡು ಆರೂವರೆ ನಿಮಿಷವಾಗುತ್ತದೆ. ಸ್ವರ ಇಳಿಯುತ್ತದೆ. ಮಾತು ಎಳೆಯುತ್ತದೆ. ಕೂತವರೆಲ್ಲರದೂ ಎಳೆಯುತ್ತದೆ.

ಡಬ್ಬಿಯ ಆ ಪುಟ್ಟ ಕಿಟಕಿ ತೆರೆದೆ. ಗುರುತು ಅಲ್ಲೇ ಇತ್ತು. ನಾನೇ ಹಾಕಿದ್ದು. ದರ ಬದಲಾಯಿಸುವ ಕೆಲಸವನ್ನು ಕಂಪ್ಯೂಟರಿಗೇ ಬಿಟ್ಟಿದ್ದರೆ ಅದು ತನ್ನಷ್ಟಕ್ಕೆ ಸರಿಮಾಡಿಕೊಂಡು ಸರಿಯಾಗಿಯೇ ಕೇಳಿಸುತ್ತಿತ್ತು. ಕೈ ಹಾಕಬೇಡವೆಂದು ಅದನ್ನೂ ನಿಲ್ಲಿಸಿದ್ದವನು ನಾನೇ. ಮಾವನ ಹಾಡನ್ನು ಯಾವ ಸೆಟ್ಟಿಂಗೂ ಮುಟ್ಟದ ಒಬ್ಬ ಸಾಮಾನ್ಯ ಮನುಷ್ಯ ತನ್ನ ಮನೆಯ ಕಂಪ್ಯೂಟರಿನಲ್ಲಿ ಸುಮ್ಮನೆ ಒತ್ತಿ ಕೇಳಿಸಿದ್ದರೆ ಮಾವ ಅವತ್ತು ನಕ್ಕು ಎದ್ದು ಹೋಗಿರುತ್ತಿದ್ದರು.

ಗುರುತು ತೆಗೆದೆ. "ಅಕ್ಕಾ, ಇನ್ನೊಮ್ಮೆ ಕೇಳು," ಎಂದೆ.

ಟಕ್ ಎಂದಿತು. ಏಕತಾರಿ ಮೇಲೆದ್ದು ಬಂತು. ಅದರ ಹಿಂದೆ ಮಾವ. ತೆಳ್ಳಗಿನ, ಮೇಲಿನ, ಸ್ವಲ್ಪ ಅವಸರದ ಅದೇ ಮಾವ. ಮೂರನೆಯ ಪದದಲ್ಲಿ ಒಂದು ಕಡೆ ಉಸಿರು ಸಾಲದೆ ಶಬ್ದ ಅರ್ಧಕ್ಕೆ ನಿಂತಿತ್ತು. 'ಳ'ಕಾರ ಒಂದೆರಡು ಕಡೆ ಮೆತ್ತಗಾಗಿತ್ತು. ಲಕ್ವ ಅವರಿಂದ ತೆಗೆದುಕೊಂಡದ್ದು ಅಷ್ಟು ಮಾತ್ರ. ಉಳಿದದ್ದೆಲ್ಲ ಹಾಗೇ ಇತ್ತು.

ಅಕ್ಕ ನಾಲ್ಕೂ ಪದ ಕೇಳಿದಳು. ಚಹಾ ಇಡಲೇ ಎಂದು ಅವಳು ಕೇಳಿದ್ದೂ, ಇಡಕ್ಕಾ ಎಂದು ನಾನು ಹೇಳಿದ್ದೂ ನಮ್ಮ ನಮ್ಮ ಧ್ವನಿಯಲ್ಲೇ ಬಂದವು. ಎಲ್ಲ ಮುಗಿದ ಮೇಲೆ ಅವಳು ನನ್ನನ್ನು ನೋಡದೆ ಕೇಳಿದಳು.

"ಅವತ್ತು ಹಿಂಗ ಕೇಳಸಬೌದಿತ್ತೇನು?"

"ಕೇಳಸಬೌದಿತ್ತಕ್ಕಾ."

"ಎಷ್ಟು ಹೊತ್ತಿನ ಕೆಲಸ ಅದು? ನೀ ಈಗ ಮಾಡಿದ್ದು?"

ನಾನು ಸುಳ್ಳು ಹೇಳಬಹುದಿತ್ತು. "ಒಂದು ನಿಮಿಷದ್ದಕ್ಕಾ," ಎಂದೆ.

ಅವಳು ಕುರ್ಚಿಯ ಹಿಡಿ ಹಿಡಿದು ಎದ್ದಳು. "ಹದಿನಾಲ್ಕು ತಿಂಗಳು ಅವರು ಬಾಯಿ ಮುಚ್ಚಿಕೊಂಡು ಹೊಲದ್ರು, ತಮ್ಮಾ," ಎಂದಳು. ಅಷ್ಟೇ ಹೇಳಿ ಮೆಟ್ಟಿಲಿಳಿದಳು. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆಂದು ಬೈಕಿನ ಕೀಲಿ ತಂದೆ. ಬೇಡವೆಂದು ಕೈ ಮಾಡಿ ಆಟೋ ಹತ್ತಿ ಹೋದಳು.

ಎರಡು ತಿಂಗಳು ಅಕ್ಕ ನನ್ನ ಫೋನ್ ಎತ್ತಲಿಲ್ಲ. ನನ್ನ ಹೆಂಡತಿ ಮಾಡಿದರೆ ಎತ್ತಿ, ಆರೋಗ್ಯ ವಿಚಾರಿಸಿ, ಇಟ್ಟುಬಿಡುತ್ತಿದ್ದಳು. ಶಾಲೆಯಲ್ಲಿ ಧ್ವನಿಯ ಪಾಠ ಬಂತು. ಕಂಪನ ಹೆಚ್ಚಾದರೆ ಸ್ವರ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ ಎಂದು ಕರಿಹಲಗೆಯ ಮೇಲೆ ಬರೆದವನು ಮುಂದೆ ಹೇಳಲಾಗದೆ, ಓದಿಕೊಳ್ಳಿ ಎಂದು ಕಿಟಕಿಯ ಹತ್ತಿರ ಹೋಗಿ ನಿಂತೆ. ಮಹಡಿಯ ಕೋಣೆಯ ಬೀಗ ತೆಗೆಯಲಿಲ್ಲ. ಮನೆಯವರಿಗೆ ಕಣ್ಣು ನೋವು ಎಂದೆ. ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಹೇಳುವ ಮಾತೇ ವಿಚಿತ್ರ. ಕಂಪ್ಯೂಟರಿನ ಒಂದು ಗುರುತಿನಿಂದ ಒಬ್ಬ ಮನುಷ್ಯ ಹಾಡು ಬಿಟ್ಟರೆಂದರೆ ಕೇಳಿದವರು, ಅಯ್ಯೋ ಅಷ್ಟೇನಾ, ನಿಮ್ಮ ತಪ್ಪೇನೂ ಇಲ್ಲ ಬಿಡ್ರಿ ಎಂದುಬಿಡುತ್ತಾರೆ. ಹಾಗೆ ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಆಮೇಲೆ ಅಕ್ಕನೇ ಫೋನ್ ಮಾಡಿದಳು. "ಸೋಮವಾರ ಮಠಕ್ಕ ಬಾ. ಹಾಡು ತಗೊಂಡು ಬಾ. ಅವರ ಧ್ವನಿ ಹೋಗಿತ್ತು ಅಂತ ಊರ ಮಂದಿ ಇನ್ನೂ ಅನ್ನಾಕತ್ಯಾರ. ನೀನ ಹೇಳಬೇಕು."

ಹೋದೆ. ಭಜನೆ ಶುರುವಾಗುವ ಮೊದಲು ಎಲ್ಲರ ಮುಂದೆ ನಿಂತು ಹೇಳಿದೆ. ದರ, ಡಬ್ಬಿ, ಗುರುತು ಎಂದು ಶುರುಮಾಡಿದವನು, ಯಾರಿಗೂ ತಿಳಿಯುತ್ತಿಲ್ಲವೆಂದು ಕಂಡು ನಿಲ್ಲಿಸಿದೆ. "ಮಾವನ ಹಾಡು ಕೆಟ್ಟಿರಲಿಲ್ರಿ. ನಾನು ಅವರಿಗೆ ತಪ್ಪು ಕೇಳಸಿದೆ. ತಪ್ಪೈತೇನು ನೋಡು ಅಂತ ಅವರು ಕೇಳಿದ್ರು. ನಾ ನೋಡಲಿಲ್ಲ," ಎಂದೆ. ಆಮೇಲೆ ಹಾಡು ಹಾಕಿದೆ.

ದಮ್ಮಡಿಯ ಹಿರಿಯರು ಕಣ್ಣು ಮುಚ್ಚಿ ಕೇಳಿದರು.

"ನಾ ಅವನಿಗೆ ಎಷ್ಟು ಸಲ ಹೇಳಿದೆ," ಎಂದರು ಕೊನೆಗೆ. "ಛಲೋ ಹಾಡ್ತೀಯೋ, ಸುಮ್ನ ಯಾಕ ಬಿಟ್ಟಿ ಅಂತ. ಏನಂದ ಗೊತ್ತೇನು? ನೀವು ನನ್ನ ಮಾರಿ ನೋಡಿ ಹೇಳ್ತೀರಿ, ನಮ್ಮ ಮಾಸ್ತರ ಮಷಿನ್ನಿನಾಗ ಕೇಳಸ್ಯಾನ, ಅವ ಸುಳ್ಳು ಹೇಳಂಗಿಲ್ಲ ಅಂದ."

ಯಾರೂ ನನ್ನನ್ನು ಬೈಯಲಿಲ್ಲ. ಒಬ್ಬರು ನೀರು ತಂದುಕೊಟ್ಟರು. ಭಜನೆ ಶುರುವಾಯಿತು. ನನಗೆ ಕೂರಲಾಗಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತು ಮುಗಿಯುವವರೆಗೆ ಕಾದೆ.

ಅಕ್ಕ ಈಗ ಅಂಗಡಿಯನ್ನು ತಾನೇ ನಡೆಸುತ್ತಿದ್ದಾಳೆ, ಹೆಚ್ಚಾಗಿ ಬ್ಲೌಸು ಹೊಲಿಯುತ್ತಾಳೆ. ಆ ನಾಲ್ಕು ಪದಗಳನ್ನು ಅವಳ ಮೊಬೈಲಿಗೆ ಹಾಕಿಕೊಟ್ಟಿದ್ದೇನೆ. ಸಣ್ಣ ಸ್ಪೀಕರು, ಫೈಲನ್ನೂ ಕುಗ್ಗಿಸಿ ಹಾಕಿದ್ದು, ಸೂಕ್ಷ್ಮವೆಲ್ಲ ಹೋಗಿದೆ. ಅವಳಿಗೆ ಅದರಿಂದ ಏನೂ ಕಡಿಮೆಯಾಗಿಲ್ಲ. ಮಷಿನ್ನಿನ ಪಕ್ಕದ ದಾರದ ಡಬ್ಬಿಗೆ ಒರಗಿಸಿ ಹಾಕಿಕೊಂಡು ಹೊಲಿಯುತ್ತಾಳೆಂದು ಪಕ್ಕದ ಅಂಗಡಿಯವರು ಹೇಳುತ್ತಾರೆ. ನನ್ನ ಜೊತೆ ಮಾತಾಡುತ್ತಾಳೆ, ಹೋದರೆ ಊಟಕ್ಕೆ ಹಾಕುತ್ತಾಳೆ, ಕೊರಳು ಸವೆದ ನನ್ನ ಅಂಗಿಯನ್ನು ಬಿಚ್ಚಿಸಿ ಕಾಲರು ತಿರುಗಿಸಿ ಹೊಲಿದು ಕೊಡುತ್ತಾಳೆ. ಆ ವಿಷಯ ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಕಳೆದ ವಾರ ಹೋದಾಗ ಓಣಿಯಲ್ಲೇ ಹಾಡು ಕೇಳಿತು. ನಾನು ಬಾಗಿಲಿಗೆ ಬರುತ್ತಿದ್ದಂತೆ ಅಕ್ಕ ಕೈ ಚಾಚಿ ಬಂದ್ ಮಾಡಿದಳು.

"ಇರಲಿ ಬಿಡಕ್ಕಾ, ನಾನೂ ಕೇಳ್ತೀನಿ," ಎಂದೆ.

"ಬ್ಯಾಡ," ಎಂದಳು, ಸಿಟ್ಟಿಲ್ಲದೆ, ದಾರ ಕಚ್ಚಿ ಹರಿಯುತ್ತ. "ನೀ ಕುಂತ್ರ ಸರಿ ಐತೋ ತಪ್ಪೈತೋ ಅಂತ ಕೇಳ್ತಿ. ನನಗ ಅದು ಕಾಣಸ್ತೈತಿ ನಿನ್ನ ಮಾರಿಮ್ಯಾಲೆ. ನೀ ಹೋದ ಮ್ಯಾಲೆ ಹಚ್ಚಿಕೋತೀನಿ."